ಎರೆ ನಾಡಿನಲ್ಲಿ ಶಂಖಪುಷ್ಪ: ಬೆಳೆಸೋದು ಹೇಗೆ, ಬೆಳೆಯದಿದ್ದರೆ ಯಾಕೆ

ಮೊಬೈಲ್ ತೆರೆದರೆ ಈಗ ನೀಲಿ ಚಹಾದ್ದೇ ಸುದ್ದಿ. ಬಿಸಿ ನೀರಿಗೆ ನಾಲ್ಕು ಶಂಖಪುಷ್ಪದ ಹೂ ಹಾಕುತ್ತಾರೆ, ನೀರು ಕಡು ನೀಲಿ ಆಗುತ್ತದೆ, ನಿಂಬೆಹಣ್ಣು ಹಿಂಡಿದ ಕೂಡಲೇ ನೇರಳೆಗೆ ತಿರುಗುತ್ತದೆ. ನೋಡಿದವರು ಸುಮ್ನೆ ಇರ್ತಾರಾ? ನರ್ಸರಿಗೆ ಹೋಗಿ ಬೀಜದ ಪಾಕೀಟು ತರುತ್ತಾರೆ. ಮುಂಗಾರು ಶುರುವಾಗುವ ಹೊತ್ತಿಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಕೇಳಿಬರುವ ದೂರುಗಳು ಹೆಚ್ಚುಕಡಿಮೆ ಅವೇ. ಬೀಜ ಮೊಳೆಯಲಿಲ್ಲ. ಮೊಳೆತದ್ದು ಹಳದಿ ಆಯ್ತು. ಬಳ್ಳಿ ಮಾಳಿಗೆ ತನಕ ಹೋಯ್ತು, ಹೂ ಮಾತ್ರ ಇಲ್ಲ.

ಇದೇನು ಹೊಸ ಗಿಡ ಅಲ್ಲ. ಹಳೆ ಮನೆಗಳ ಹಿತ್ತಲಲ್ಲಿ, ಗುಡಿಯ ಕಂಪೌಂಡಿನ ಮೇಲೆ, ಯಾರೂ ನೀರು ಹಾಕದಿದ್ದರೂ ಹಬ್ಬಿಕೊಂಡಿರುತ್ತದೆ. ಶ್ರಾವಣ ಸೋಮವಾರ ಬೆಳಿಗ್ಗೆ ಶಿವನ ಪೂಜೆಗೆ ಅಂತ ಬುಟ್ಟಿ ತುಂಬ ಹೂ ಕೊಡುತ್ತದೆ. ಅದೇ ಬಳ್ಳಿಯನ್ನು ಒಳ್ಳೆ ಪಾಟಿಗೆ ಹಚ್ಚಿ, ದಿನಾ ನೀರು ಹಾಕಿ, ವಾರಕ್ಕೊಮ್ಮೆ ಗೊಬ್ಬರ ಕೊಟ್ಟರೆ ಸೊರಗುತ್ತದೆ. ಯಾಕೆ ಅಂತ ಗೊತ್ತಾಗಬೇಕಾದರೆ ಅದರ ಕುಟುಂಬ ನೋಡಬೇಕು. ಶಂಖಪುಷ್ಪ ತೊಗರಿ, ಹೆಸರು, ಅಲಸಂದಿಯ ಬಳಗದ್ದು. ಅದನ್ನು ಹೂವಿನ ಗಿಡ ಅಂತ ನೋಡುವ ಬದಲು ಬೇಳೆಯ ಬೆಳೆ ಅಂತ ನೋಡಿ. ಅದರ ಹಟ ಅರ್ಧಕ್ಕರ್ಧ ಅರ್ಥ ಆಗುತ್ತದೆ.

## ಇದು ಯಾವ ಗಿಡ?

ಶಂಖಪುಷ್ಪ ಒಂದು ಬಹುವಾರ್ಷಿಕ ಬಳ್ಳಿ. ಅಂದರೆ ತೊಗರಿ, ಕಡಲೆಯ ಹಾಗೆ ಒಂದೇ ಹಂಗಾಮಿಗೆ ಮುಗಿದು ಹೋಗುವುದಿಲ್ಲ, ಒಮ್ಮೆ ಹಚ್ಚಿದರೆ ಹಲವು ವರ್ಷ ಇರುತ್ತದೆ. ಬೇಸಿಗೆಯಲ್ಲಿ ಮೇಲೆಲ್ಲ ಒಣಗಿ ಕಡ್ಡಿ ಆದರೂ ಬೇರು ಆಳದಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಮಳೆ ಬಿದ್ದ ಮೇಲೆ ಬುಡದಿಂದ ಮತ್ತೆ ಚಿಗುರುತ್ತದೆ. ಗಟ್ಟಿ ಗಿಡ ಅನ್ನೋದು ಈ ಅರ್ಥದಲ್ಲಿ. ಬರ ತಡೆಯುತ್ತದೆ, ಬಿಸಿಲು ತಡೆಯುತ್ತದೆ. ಹಿಮ ಬೀಳುವ ಚಳಿ ಮಾತ್ರ ತಡೆಯುವುದಿಲ್ಲ, ನಮ್ಮ ಮೂರು ಜಿಲ್ಲೆಗೆ ಆ ಚಿಂತೆ ಇಲ್ಲ.

ವಿಜ್ಞಾನಿಗಳು ಇದನ್ನು ಕ್ಲೈಟೋರಿಯಾ ಟರ್ನೇಟಿಯಾ ಅನ್ನುತ್ತಾರೆ. 1753ರಲ್ಲಿ ಈ ಹೆಸರು ಕೊಟ್ಟವನು ಸ್ವೀಡನ್ನಿನ ಲಿನೀಯಸ್. ಟರ್ನೇಟಿಯಾ ಅನ್ನೋದು ಬಂದದ್ದು ಇಂಡೋನೇಷ್ಯಾದ ಟರ್ನಾಟೆ ಅನ್ನುವ ದ್ವೀಪದಿಂದ. ನರ್ಸರಿಯಲ್ಲಿ ಕೇಳುವಾಗ ಈ ಹೆಸರೇನೂ ಬೇಕಿಲ್ಲ. ಶಂಖಪುಷ್ಪ, ಗಿರಿಕರ್ಣಿಕೆ, ಅಪರಾಜಿತ ಅಂದರೂ ಇದನ್ನೇ ಕೊಡುತ್ತಾರೆ. ಬೆಳಗಾವಿಯಲ್ಲಿ ಮರಾಠಿ ಮಾತಾಡುವವರ ಅಂಗಡಿಯಲ್ಲಿ ಗೋಕರ್ಣ ಅಂತ ಕೇಳಿ. ಒಂದೇ ಎಚ್ಚರ: ಆಯುರ್ವೇದದ ಅಂಗಡಿಯಲ್ಲಿ ಶಂಖಪುಷ್ಪಿ ಅಂತ ಪುಡಿ, ಸಿರಪ್ಪು ಸಿಗುತ್ತದಲ್ಲ, ಅದು ಸಾಮಾನ್ಯವಾಗಿ ನೆಲದ ಮೇಲೆ ಹರಡುವ ಬೇರೊಂದು ಸಣ್ಣ ಗಿಡದ್ದು. ಅದನ್ನು ತಂದು ನೀಲಿ ಚಹಾ ಮಾಡಲು ಹೋಗಬೇಡಿ.

ಹೂವನ್ನು ಒಮ್ಮೆ ಹತ್ತಿರದಿಂದ ನೋಡಿ. ಪಕ್ಕದಲ್ಲಿ ತೊಗರಿ ಹೂ ಇಟ್ಟುಕೊಂಡು ನೋಡಿದರೆ ಇನ್ನೂ ಒಳ್ಳೇದು. ಎರಡರಲ್ಲೂ ಐದು ಎಸಳು, ಒಂದು ದೊಡ್ಡದು, ಎರಡು ಪಕ್ಕದವು, ಇನ್ನೆರಡು ಒಳಗೆ ಮಡಚಿಕೊಂಡವು. ತೊಗರಿಯಲ್ಲಿ ದೊಡ್ಡ ಎಸಳು ಮೇಲೆ ನಿಂತಿರುತ್ತದೆ. ಶಂಖಪುಷ್ಪದಲ್ಲಿ ಹೂವೇ ತಿರುವಿಕೊಂಡು ತಲೆಕೆಳಗಾಗಿರುತ್ತದೆ, ಹಾಗಾಗಿ ದೊಡ್ಡ ಎಸಳು ಕೆಳಗೆ ಬರುತ್ತದೆ, ನಡುವೆ ಹಳದಿ ಬಿಳುಪಿನ ಒಂದು ಮಚ್ಚೆ. ಜೇನು ಬಂದು ಆ ಎಸಳ ಮೇಲೆ ಕೂತು ಒಳಗೆ ನುಗ್ಗುತ್ತದೆ. ಪರಾಗ ಅಂಟುವುದು ಅದರ ಬೆನ್ನಿಗೆ. ಆದರೂ ಈ ಗಿಡ ಜೇನನ್ನೇ ನಂಬಿ ಕೂತಿಲ್ಲ, ಮೊಗ್ಗು ಅರಳುವ ಹೊತ್ತಿಗೇ ತನ್ನದೇ ಪರಾಗದಿಂದ ಕಾಯಿ ಕಟ್ಟುವ ವ್ಯವಸ್ಥೆ ಅದಕ್ಕಿದೆ. ಇದರಿಂದ ನಮಗೊಂದು ಲಾಭ. ಪಕ್ಕದ ಮನೆಯವರ ಬಿಳಿ ಹೂವಿನ ಬೀಜ ತಂದರೆ ಬಹುತೇಕ ಬಿಳಿಯೇ ಬರುತ್ತದೆ, ಸುತ್ತು ಎಸಳಿನ ನೀಲಿಯ ಬೀಜ ತಂದರೆ ಬಹುತೇಕ ಸುತ್ತು ಎಸಳೇ.

## ಗಾಳಿಯಿಂದ ಗೊಬ್ಬರ ಹೇಗೆ ಮಾಡಿಕೊಳ್ಳುತ್ತದೆ?

ಇದೊಂದು ಅರ್ಥ ಆದರೆ ಮುಂದಿನದೆಲ್ಲ ಸುಲಭ.

ಯಾವ ಗಿಡಕ್ಕಾದರೂ ಹಸಿರು ಎಲೆ ಬಿಡಲು ಸಾರಜನಕ ಬೇಕು. ನಾವು ಯೂರಿಯಾ ಹಾಕುವುದು ಅದಕ್ಕೇ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆದರೆ ಅದರ ಎರಡೆರಡು ಅಣುಕಣ ಒಂದಕ್ಕೊಂದು ಎಷ್ಟು ಗಟ್ಟಿ ಹಿಡಿದುಕೊಂಡಿರುತ್ತವೆ ಅಂದರೆ, ಗಿಡಕ್ಕೆ ಅದನ್ನು ಬಿಡಿಸಿ ಬಳಸಲು ಆಗುವುದಿಲ್ಲ. ಬಿಡಿಸುವ ಕೆಲಸ ಗೊತ್ತಿರುವುದು ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳಿಗೆ. ಬೇಳೆ ಬಳಗದ ಬೇರಿನ ಜೊತೆ ಕೂಡುವ ಇವುಗಳನ್ನು ರೈಜೋಬಿಯಂ ಅನ್ನುತ್ತಾರೆ.

ಶಂಖಪುಷ್ಪದ ಎಳೆ ಬೇರು ಮಣ್ಣಿಗೆ ಒಂದು ರಸ ಬಿಡುತ್ತದೆ. ಆ ರಸದ ಸುಳಿವು ಹಿಡಿದು ಬ್ಯಾಕ್ಟೀರಿಯಾ ಬೇರಿನ ಕೂದಲೆಳೆಯ ಮೂಲಕ ಒಳಗೆ ಸೇರುತ್ತದೆ. ಅಲ್ಲಿ ಬೇರು ಸಣ್ಣ ಗಂಟು ಕಟ್ಟಿ ಅದಕ್ಕೆ ಜಾಗ ಕೊಡುತ್ತದೆ. ಆಮೇಲಿನ ವ್ಯವಹಾರ ಥೇಟ್ ಪಾಲಿಗೆ ಹಾಕಿದ ಹೊಲದ್ದು. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ಬ್ಯಾಕ್ಟೀರಿಯಾಕ್ಕೆ ಕೊಡುತ್ತದೆ, ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತಂದು ಕೊಡುತ್ತದೆ. ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆ ಇಬ್ಬರದೂ.

ಈಗ ಈ ಹೊಲದೊಡೆಯನಿಗೆ ಯಾರೋ ಮನೆ ಬಾಗಿಲಿಗೇ ಕಾಳಿನ ಚೀಲ ತಂದು ಇಳಿಸಿದರೆ ಏನಾಗುತ್ತದೆ? ಪಾಲಿಗೆ ಯಾಕೆ ಕೊಡಬೇಕು ಅನಿಸುತ್ತದೆ, ಅಲ್ವಾ. ಬುಡಕ್ಕೆ ಯೂರಿಯಾ ಸುರಿದಾಗ ಆಗುವುದು ಇದೇ. ಪುಕ್ಕಟೆ ಸಾರಜನಕ ಸಿಕ್ಕ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಎಲೆ ಮೇಲೆ ಎಲೆ ಬಿಡುತ್ತದೆ, ಹೂ ಬಿಡುವುದು ಹಿಂದೆ ಬೀಳುತ್ತದೆ.

ಗಂಟು ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೀವೇ ನೋಡಬಹುದು. ಮಳೆಗಾಲದಲ್ಲಿ ಜಾಸ್ತಿ ಹುಟ್ಟಿದ ಒಂದು ಸಸಿಯನ್ನು ಮಣ್ಣು ಸಮೇತ ಅಗೆದು ತೆಗೆಯಿರಿ. ಕಿತ್ತರೆ ಗಂಟು ಮಣ್ಣಲ್ಲೇ ಉಳಿದುಬಿಡುತ್ತದೆ, ಅದಕ್ಕೇ ಅಗೆಯಬೇಕು. ಬಕೆಟ್ ನೀರಿನಲ್ಲಿ ಮೆಲ್ಲಗೆ ಅಲ್ಲಾಡಿಸಿ ಮಣ್ಣು ಬಿಡಿಸಿ. ಬೇರಿಗೆ ಅಂಟಿಕೊಂಡ ಸಾಸಿವೆ ಕಾಳಿನ ಗಾತ್ರದ ಗುಂಡುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಕೆಲಸ ನಡೆದಿದೆ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ, ಹಸಿರು ಅಥವಾ ಕಂದು ಇದ್ದರೆ ಅದರ ಕಾಲ ಮುಗಿದಿದೆ. ಆ ಕೆಂಪು ಬರುವುದು ಲೆಗ್‌ಹಿಮೋಗ್ಲೋಬಿನ್ ಅನ್ನುವ ವಸ್ತುವಿನಿಂದ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ. ಗಂಟಿನ ಒಳಗೆ ಆಮ್ಲಜನಕ ಹದದಲ್ಲಿ ಇರುವ ಹಾಗೆ ನೋಡಿಕೊಳ್ಳುವುದು ಅದರ ಕೆಲಸ.

ಈ ಬ್ಯಾಕ್ಟೀರಿಯಾವನ್ನು ಎಲ್ಲಿಂದ ತರೋದು? ಅಲಸಂದಿಯ ಬೇರಿಗೆ ಹೊಂದುವ ರೈಜೋಬಿಯಂ ಶಂಖಪುಷ್ಪಕ್ಕೂ ಹೊಂದುತ್ತದೆ. ಹಾಗಾಗಿ ವರ್ಷಾವರ್ಷ ತೊಗರಿ, ಹೆಸರು, ಮಡಿಕೆ, ಅಲಸಂದಿ ಬೆಳೆಯುವ ನಮ್ಮ ಹೊಲಗಳಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪಾಟಿಗೆ ಕೋಕೋಪೀಟ್ ಮತ್ತು ಪಾಕೀಟಿನ ಗೊಬ್ಬರ ಮಾತ್ರ ತುಂಬಿದವರ ಗಿಡಕ್ಕೆ ಮಾತ್ರ ಅದು ಸಿಗುವುದಿಲ್ಲ. ಅಂಥವರು ಅಲಸಂದಿ ಬೆಳೆದ ಹೊಲದ ಒಂದು ಬೊಗಸೆ ಮಣ್ಣು ತಂದು ಬೆರೆಸಿದರೆ ಸಾಕು.

## ಬೀಜ ಯಾಕೆ ಮೊಳೆಯುವುದಿಲ್ಲ?

ಜನ ಬೀಜ ಕೆಟ್ಟಿದೆ ಅಂತ ಅಂಗಡಿಯವನನ್ನು ಬೈಯುತ್ತಾರೆ. ಬಹಳ ಸಲ ಬೀಜ ಚೆನ್ನಾಗೇ ಇರುತ್ತದೆ, ನೀರು ಒಳಗೆ ಹೋಗಿರುವುದಿಲ್ಲ ಅಷ್ಟೇ.

ಮಡಿಕೆ ಕಾಳು ನೆನೆಹಾಕಿದಾಗ ಎಲ್ಲ ಉಬ್ಬಿ ಮೊಳಕೆ ಬಂದರೂ ಒಂದೆರಡು ಕಾಳು ಕಲ್ಲಿನ ಹಾಗೇ ಉಳಿದು ಹಲ್ಲಿಗೆ ಸಿಗುತ್ತವಲ್ಲ? ಶಂಖಪುಷ್ಪದಲ್ಲಿ ಅಂಥ ಬೀಜಗಳೇ ಜಾಸ್ತಿ. ಸಿಪ್ಪೆಯ ಹೊರಪದರದಲ್ಲಿ ಜೀವಕೋಶಗಳು ಒತ್ತೊತ್ತಾಗಿ ನಿಂತು ನೀರು ನುಗ್ಗದ ಹಾಗೆ ಬಂದ್ ಮಾಡಿರುತ್ತವೆ. ಇದರಲ್ಲಿ ಗಿಡದ ಲೆಕ್ಕಾಚಾರ ಇದೆ. ವಿಜಯಪುರದಂಥ ಕಡೆ ಜೂನಿನಲ್ಲಿ ಒಂದು ಜೋರು ಮಳೆ ಬಂದು, ಆಮೇಲೆ ಮೂರು ವಾರ ಮೋಡ ಬರೀ ಮುಖ ತೋರಿಸಿ ಹೋಗುವುದು ಹೊಸದಲ್ಲ. ಎಲ್ಲ ಬೀಜವೂ ಮೊದಲ ಮಳೆಗೇ ಮೊಳೆತರೆ ಎಲ್ಲವೂ ಒಟ್ಟಿಗೇ ಸಾಯುತ್ತವೆ. ಅದಕ್ಕೇ ಈ ಬಳ್ಳಿ ಸ್ವಲ್ಪ ಬೀಜವನ್ನು ಈ ವರ್ಷಕ್ಕೆ, ಸ್ವಲ್ಪವನ್ನು ಮುಂದಿನ ವರ್ಷಕ್ಕೆ ಇಟ್ಟಿರುತ್ತದೆ. ಬಿಸಿಲು, ಮಣ್ಣಿನ ಉಜ್ಜಾಟ, ಕಾಲ ಎಲ್ಲ ಸೇರಿ ಸಿಪ್ಪೆ ಸವೆದ ಹಾಗೆ ಒಂದೊಂದೇ ಮೊಳೆಯುತ್ತವೆ.

ನಮಗೆ ಅಷ್ಟು ತಾಳ್ಮೆ ಇಲ್ಲ, ಹಾಗಾಗಿ ಸವೆಸುವ ಕೆಲಸ ನಾವೇ ಮಾಡಬೇಕು. ಬೀಜವನ್ನು ಕೈಯಲ್ಲಿ ಹಿಡಿದು ನೋಡಿದರೆ ಒಂದು ಬದಿಗೆ ಸಣ್ಣ ಕಲೆ ಕಾಣುತ್ತದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಮೊಳಕೆ ಹೊರಗೆ ಬರುವುದು ಅದರ ಹತ್ತಿರವೇ, ಆ ಕಡೆ ಉಜ್ಜಬೇಡಿ. ಎದುರಿನ ಬದಿಯನ್ನು ಸ್ಯಾಂಡ್ ಪೇಪರ್ ಮೇಲೆ ನಾಲ್ಕಾರು ಸಲ ಎಳೆಯಿರಿ. ಕಂದು ಸಿಪ್ಪೆ ಹೋಗಿ ಒಳಗಿನ ಬಿಳುಪು ಚುಕ್ಕೆಯಷ್ಟು ಕಂಡರೆ ನಿಲ್ಲಿಸಿ. ಸ್ಯಾಂಡ್ ಪೇಪರ್ ಇಲ್ಲದಿದ್ದರೆ ಉಗುರು ಕತ್ತರಿಯಿಂದ ಒಂದು ಸಣ್ಣ ಚೂರು ಹಾರಿಸಬಹುದು. ಆಮೇಲೆ ಉಗುರು ಬೆಚ್ಚಗಿನ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಲಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ. ಉಬ್ಬದೇ ಇದ್ದವನ್ನು ಒರೆಸಿ, ಮತ್ತೆ ಉಜ್ಜಿ, ಮತ್ತೆ ನೆನೆಹಾಕಿ. ಬಿಸಾಡಬೇಡಿ. ಆದರೆ ಎರಡು ದಿನಕ್ಕಿಂತ ಜಾಸ್ತಿ ನೀರಲ್ಲಿ ಬಿಟ್ಟರೆ ಕೊಳೆಯುತ್ತವೆ.

ಬಿತ್ತುವ ಆಳ ಅರ್ಧ ಇಂಚು. ಒಂದೆರಡು ವಾರದಲ್ಲಿ ಮೇಲೆ ಬರುತ್ತದೆ. ಮಿರಗ ಮಳೆ ಹಿಡಿದ ಮೇಲೆ, ಅಂದರೆ ಜೂನಿನ ಎರಡನೇ ವಾರದ ನಂತರ ಬಿತ್ತುವುದು ಎಲ್ಲಕ್ಕಿಂತ ಸುಲಭ. ಮನೆಯಲ್ಲಿ ನೀರಿನ ಅನುಕೂಲ ಇದ್ದರೆ ಫೆಬ್ರುವರಿ ಕೊನೆಗೂ ಬಿತ್ತಬಹುದು. ಡಿಸೆಂಬರ್ ಚಳಿಯಲ್ಲಿ ಬಿತ್ತಿದರೆ ತುಂಬ ತಡ ಮಾಡುತ್ತದೆ. ಮೊಳೆತ ಮೇಲೆ ಸುಮಾರು ಎರಡು ತಿಂಗಳಿಗೆ ಮೊದಲ ಹೂ.

ಸಸಿಯನ್ನು ಜಾಗ ಬದಲಿಸುವುದು ಇದಕ್ಕೆ ಸೇರುವುದಿಲ್ಲ. ತಾಯಿಬೇರು ನೇರ ಕೆಳಗೆ ಇಳಿಯುತ್ತದೆ, ಅದು ಮುರಿದರೆ ಸಸಿ ತಿಂಗಳುಗಟ್ಟಲೆ ಸುಮ್ನೆ ನಿಂತುಬಿಡುತ್ತದೆ. ಎಲ್ಲಿ ಬೆಳೆಯಬೇಕೋ ಅಲ್ಲೇ ಬಿತ್ತಿ. ಇಲ್ಲಾ ಹಾಲಿನ ಪಾಕೀಟಿನಲ್ಲಿ ಬೆಳೆಸಿ ಪಾಕೀಟು ಹರಿದು ಮಣ್ಣಿನ ಹೆಂಟೆ ಒಡೆಯದ ಹಾಗೆ ಇಡಿ.

## ಎರೆ ಮಣ್ಣು, ಮಸಾರಿ ಮಣ್ಣು, ಖಾನಾಪುರದ ಮಳೆ

ಮೂರು ಜಿಲ್ಲೆಗೆ ಒಂದೇ ಸಲಹೆ ಕೊಡಲು ಆಗುವುದಿಲ್ಲ. ವಿಜಯಪುರ ಜಿಲ್ಲೆಯಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಬೆಳಗಾವಿ ಜಿಲ್ಲೆಯದೇ ಖಾನಾಪುರದ ಕಾಡಂಚಿನಲ್ಲಿ ಅದರ ಎರಡು ಪಟ್ಟಿಗಿಂತ ಜಾಸ್ತಿ.

ಕಪ್ಪು ಎರೆ ಮಣ್ಣಿನಿಂದ ಶುರು ಮಾಡೋಣ. ವಿಜಯಪುರದ ಡೋಣಿ ಹೊಳೆ ಸಾಲಿನ ಎರೆ ಹೊಲ ನೋಡಿದವರಿಗೆ ಇದರ ಗುಣ ಹೇಳಬೇಕಿಲ್ಲ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಇದರಲ್ಲಿರುವ ಜೇಡಿಯ ಕಣಗಳು ಪದರ ಪದರವಾಗಿದ್ದು ನಡುವೆ ನೀರು ಹಿಡಿದುಕೊಳ್ಳುತ್ತವೆ, ಅದಕ್ಕೇ ಹೀಗೆ. ನೆಲದಲ್ಲಿ ಶಂಖಪುಷ್ಪಕ್ಕೆ ಇದು ಒಳ್ಳೆಯ ಮಣ್ಣೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂಥದೇ ಕಪ್ಪು ಜೇಡಿ ನೆಲದಲ್ಲಿ ಈ ಬಳ್ಳಿಯನ್ನು ದನದ ಮೇವಿಗೆ ಅಂತ ಬೆಳೆಯುತ್ತಾರೆ, ಮಿಲ್ಗಾರ ಅನ್ನುವ ತಳಿಯೇ ಇದೆ. ಕಷ್ಟ ಬರುವುದು ನೀರು ನಿಂತಾಗ. ಉಬ್ಬಿದ ಎರೆಯಲ್ಲಿ ಗಾಳಿ ಆಡುವುದಿಲ್ಲ, ಬೇರಿಗೆ ಉಸಿರು ಕಟ್ಟುತ್ತದೆ, ಗಂಟಿನ ಬ್ಯಾಕ್ಟೀರಿಯಾಕ್ಕೂ ಗಾಳಿ ಬೇಕು. ಹಾಗಾಗಿ ಒಂದು ಗೇಣು ಎತ್ತರದ ಏರು ಮಾಡಿ ಅದರ ಮೇಲೆ ಬಿತ್ತಿ.

ಪಾಟಿನಲ್ಲಿ ಬರೀ ಎರೆ ತುಂಬಿದರೆ ಇನ್ನೊಂದು ಪಜೀತಿ. ಒಣಗಿದಾಗ ಮಣ್ಣು ಕುಗ್ಗಿ ಪಾಟಿನ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಸುತ್ತ ಒಂದು ಸಂದು ಬೀಳುತ್ತದೆ. ನೀವು ನೀರು ಹಾಕಿದಾಗ ಅದು ಆ ಸಂದಿನಲ್ಲೇ ಇಳಿದು ಕ್ಷಣದಲ್ಲಿ ಕೆಳಗಿನ ತೂತಿನಿಂದ ಬಂದುಬಿಡುತ್ತದೆ. ಹೊರಗೆ ಬಂತಲ್ಲ, ನೀರು ಸಾಕಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ನಡುವಿನ ಹೆಂಟೆ ಮಾತ್ರ ಒಣಗೇ ಇರುತ್ತದೆ. ಎರೆ ಎರಡು ಪಾಲಾದರೆ ಉಸುಕು ಇಲ್ಲವೇ ಗರಸು ಒಂದೂವರೆ ಪಾಲು, ಕೊಳೆತ ತಿಪ್ಪೆ ಗೊಬ್ಬರ ಒಂದು ಪಾಲು ಬೆರೆಸಿದರೆ ಈ ತಾಪತ್ರಯ ಕಡಿಮೆ. ಪಾಟು 12 ಇಂಚಿಗಿಂತ ಸಣ್ಣದು ಬೇಡ.

ಬಾದಾಮಿ, ಗುಳೇದಗುಡ್ಡ ಕಡೆಯ ಮಸಾರಿ, ಅಂದರೆ ಕೆಂಪು ಉಸುಕು ಮಣ್ಣಿನವರಿಗೆ ತಲೆಬಿಸಿ ಇಲ್ಲ. ನೀರು ಬೇಗ ಇಳಿದುಹೋಗುತ್ತದೆ, ತಿಪ್ಪೆ ಗೊಬ್ಬರ ಒಂದಿಷ್ಟು ಜಾಸ್ತಿ ಹಾಕಿದರಾಯಿತು. ಖಾನಾಪುರ ಕಡೆಯವರು ಜುಲೈ ತಿಂಗಳು ಪಾಟನ್ನು ಮಾಡಿನ ಕೆಳಗೆ, ಆದರೆ ಬೆಳಕಿಗೆ ಇಡಬೇಕು. ಅಲ್ಲಿ ಗಿಡ ಸಾಯುವುದು ಬರದಿಂದ ಅಲ್ಲ, ಬುಡ ಕೊಳೆತು.

## ನೀರು, ಬಿಸಿಲು, ಆಸರೆ

ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು. ಇದರಲ್ಲಿ ರಾಜಿ ಇಲ್ಲ. ನೆರಳಿಗೆ ಇಟ್ಟರೆ ಬಳ್ಳಿ ಉದ್ದ ಆಗುತ್ತದೆ, ಹೂ ಬರುವುದಿಲ್ಲ.

ನೆಲದಲ್ಲಿ ಬೇರು ಕೂತ ಬಳ್ಳಿಗೆ ಮಳೆಗಾಲದಲ್ಲಿ ನೀರೇ ಬೇಡ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಸಾಕು. ಪಾಟಿನದಕ್ಕೆ ಬೆರಳು ಎರಡು ಗೆರೆ ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಹಾಕಿ, ತಂಪಿದ್ದರೆ ಬಿಡಿ. ಏಪ್ರಿಲ್, ಮೇ ತಿಂಗಳ ಮಾತು ಬೇರೆ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಮಾಳಿಗೆ ಮೇಲಿನ ಪಾಟಿನ ಮಣ್ಣು ಕುದಿಯುತ್ತದೆ. ಆಗ ದಿನಾ ನೀರು ಬೇಕು, ಬುಡಕ್ಕೆ ತೊಗರಿ ಹೊಟ್ಟು ಅಥವಾ ಸಣ್ಣಗೆ ಕತ್ತರಿಸಿದ ಜೋಳದ ಕಣಿಕೆ ಹೊದಿಸಬೇಕು. ಆ ಎರಡು ತಿಂಗಳು ಹೂ ಕಡಿಮೆ ಆಗುತ್ತದೆ, ಎಲೆಯೂ ಉದುರಬಹುದು. ಗಾಬರಿಯಾಗಿ ಗೊಬ್ಬರ ಹಾಕಬೇಡಿ.

ಈ ಬಳ್ಳಿಗೆ ಹೀರೆ, ಹಾಗಲದ ಹಾಗೆ ಹಿಡಿದುಕೊಳ್ಳುವ ಎಳೆಗಳಿಲ್ಲ. ಕಾಂಡವೇ ಸುತ್ತಿಕೊಂಡು ಏರುತ್ತದೆ. ದಪ್ಪ ಕಂಬ ಅಥವಾ ಗೋಡೆ ಕೊಟ್ಟರೆ ಸುತ್ತಲು ಆಗದೆ ಜಾರುತ್ತದೆ, ತೆಳು ತಂತಿ, ಸುತಳಿ, ಬಲೆ, ಕಿಟಕಿಯ ಸರಳು ಯಾವುದಾದರೂ ಸರಿ. ಮನೆಯಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಇದ್ದರೆ ಇನ್ನೂ ಚಲೋ. ಆರರಿಂದ ಹತ್ತು ಅಡಿ ಏರುತ್ತದೆ.

ಗೊಬ್ಬರದ ವಿಚಾರ ಮೇಲೆ ಹೇಳಿಯಾಯಿತು. ಮಳೆಗೆ ಮುಂಚೆ ಒಂದು ಸಲ, ದೀಪಾವಳಿ ಹೊತ್ತಿಗೆ ಇನ್ನೊಂದು ಸಲ, ಎರಡು ಹಿಡಿ ಎರೆಹುಳು ಗೊಬ್ಬರ ಸಾಕು. ಒಲೆಯ ಬೂದಿ ಒಳ್ಳೇದು ಅಂತ ಹಾಕುವ ರೂಢಿ ನಮ್ಮಲ್ಲಿದೆ. ಎರೆ ಮಣ್ಣಿಗೆ ಅದು ಬೇಡ, ಯಾಕೆ ಅಂತ ಮುಂದೆ ಇದೆ.

## ಎಲೆ ಹಳದಿ ಆದರೆ ಮೊದಲು ಯಾವ ಎಲೆ ಅಂತ ನೋಡಿ

ಕೆಳಗಿನ ಹಳೆ ಎಲೆ ಪೂರ್ತಿ ಹಳದಿ ಆಗಿ ಉದುರುತ್ತಿದ್ದರೆ ಬಹುತೇಕ ನೀರು ಜಾಸ್ತಿ ಆಗಿದೆ, ಇಲ್ಲವೇ ಗಂಟು ಕಟ್ಟಿಲ್ಲ. ಒಂದೆರಡು ವಾರ ನೀರು ತಗ್ಗಿಸಿ.

ಮೇಲಿನ ಎಳೆ ಎಲೆ ಹಳದಿ ಆಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಕಡೆ ಇದೇ ಜಾಸ್ತಿ. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಕ್ಷಾರ. ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟು ಇದ್ದರೂ ಕ್ಷಾರ ಜಾಸ್ತಿ ಆದಾಗ ಅದು ಕರಗದೆ ಉಳಿಯುತ್ತದೆ, ಕರಗದ್ದನ್ನು ಬೇರು ಕುಡಿಯಲಾರದು. ಬೋರಿನ ಸವುಳು ನೀರು ಹಾಕುತ್ತಾ ಹೋದರೆ ಪಾಟಿನಲ್ಲಿ ಇದು ಇನ್ನೂ ಏರುತ್ತದೆ. ಒಲೆಯ ಬೂದಿಯೂ ಕ್ಷಾರವೇ. ಮಳೆ ನೀರು ಹಿಡಿದಿಟ್ಟು ಆಗಾಗ ಪಾಟನ್ನು ಚೆನ್ನಾಗಿ ತೊಯ್ಯಿಸಿದರೆ ಉಪ್ಪು ಕೆಳಗೆ ಇಳಿಯುತ್ತದೆ. ತಕ್ಷಣಕ್ಕೆ ಬೇಕಾದರೆ 1 ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬಹುದು. ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಹೊಸ ಚಿಗುರು ಹಸಿರಾಗಿ ಬಂದರೆ ಕಾಯಿಲೆ ಅದೇ ಅಂತ ಖಾತ್ರಿ.

ಹೊಲದ ಮಟ್ಟದಲ್ಲಿ ಬೆಳೆಯುವ ಯೋಚನೆ ಇದ್ದವರು ಮೊದಲು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ತೋಟಗಾರಿಕೆಯ ಸಲಹೆಗೆ ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಗೋಕಾಕ ಹತ್ತಿರ ಅರಭಾವಿಯಲ್ಲಿ ಅದರ ಕಾಲೇಜಿದೆ.

## ಬಳ್ಳಿ ಇದೆ, ಹೂ ಇಲ್ಲ

ಕಾರಣ ನಾಲ್ಕೈದು ಇದ್ದರೂ ಹೆಚ್ಚಿನ ಮನೆಗಳಲ್ಲಿ ಕಾಣುವುದು ಎರಡು. ಒಂದು ಬಿಸಿಲು ಸಾಲದು, ಇನ್ನೊಂದು ಕಾಯಿ ಕೀಳುವುದಿಲ್ಲ. ಗಿಡದ ಗುರಿ ಬೀಜ. ಹತ್ತಿಪ್ಪತ್ತು ಕಾಯಿ ಕಟ್ಟಿದರೆ ಅದರ ಶಕ್ತಿಯೆಲ್ಲ ಅತ್ತ ಹೋಗುತ್ತದೆ. ಹೂ ಬಾಡಿದ ಕೂಡಲೇ, ಅಥವಾ ಕಾಯಿ ಇನ್ನೂ ಎಳೆಯದಾಗಿರುವಾಗ ಚಿವುಟಿ ಹಾಕಿದರೆ ಮತ್ತೆ ಮೊಗ್ಗು ಬಿಡುತ್ತದೆ. ಪೂಜೆಗೆ ದಿನಾ ಹೂ ಬಿಡಿಸುವ ಮನೆಯ ಬಳ್ಳಿ ಯಾವಾಗಲೂ ತುಂಬಿರುವುದು ಇದಕ್ಕೇ.

ಹೂ ಬರುವುದು ಹೊಸ ಚಿಗುರಿನಲ್ಲಿ. ಹಾಗಾಗಿ ವರ್ಷಕ್ಕೊಮ್ಮೆ ಕತ್ತರಿ ಹಾಕಬೇಕು. ಮೇ ಕೊನೆಗೆ, ಮಳೆಗೆ ಸ್ವಲ್ಪ ಮುಂಚೆ, ನೆಲದಿಂದ ಒಂದು ಅಡಿ ಬಿಟ್ಟು ಉಳಿದದ್ದನ್ನೆಲ್ಲ ಕತ್ತರಿಸಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಕತ್ತರಿಸದೆ ಬಿಟ್ಟರೆ ಕೆಳಗೆ ಬೋಳು ಕಾಂಡ, ಮೇಲೆ ಮಾತ್ರ ಒಂದು ಗೊಂಚಲು ಆಗುತ್ತದೆ.

ಹುಳದ ಕಾಟ ಜಾಸ್ತಿ ಇಲ್ಲ. ಚಿಗುರಿಗೆ ಹೇನು, ಕಾಂಡಕ್ಕೆ ಹಿಟ್ಟು ತಿಗಣೆ, ಒಣ ಬಿಸಿಲಿನಲ್ಲಿ ಎಲೆಯಡಿ ನುಶಿ ಬರಬಹುದು. ಜೋರಾಗಿ ನೀರು ಹೊಡೆದು ತೊಳೆದರೆ ಅರ್ಧ ಹೋಗುತ್ತವೆ. ಉಳಿದದ್ದಕ್ಕೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಸಿಂಪಡಿಸಿದ ಬಳ್ಳಿಯ ಹೂವನ್ನು ಒಂದು ವಾರ ಕುಡಿಯಲು ಬಳಸಬೇಡಿ.

## ನೀಲಿ ಬಣ್ಣ ಬದಲಾಗುವುದು ಹೇಗೆ, ಕುಡಿಯಬಹುದಾ?

ನೀಲಿ ಬಣ್ಣ ಆಂಥೋಸಯನಿನ್ ಅನ್ನುವ ಗುಂಪಿನ ವಸ್ತುಗಳದ್ದು. ನೇರಳೆ ಹಣ್ಣು, ಕೆಂಪು ಎಲೆಕೋಸಿನ ಬಣ್ಣವೂ ಇದೇ ಗುಂಪು. ಶಂಖಪುಷ್ಪದಲ್ಲಿ ಇರುವವನ್ನು ಟರ್ನಾಟಿನ್ ಅನ್ನುತ್ತಾರೆ. ಹುಳಿ ಬಿದ್ದಾಗ ಈ ಕಣದ ರಚನೆ ಬದಲಾಗಿ ಅದು ಬೆಳಕಿನ ಬೇರೆ ಬಣ್ಣವನ್ನು ಹೀರಲು ಶುರು ಮಾಡುತ್ತದೆ, ನಮ್ಮ ಕಣ್ಣಿಗೆ ನೇರಳೆ, ಇನ್ನೂ ಹುಳಿ ಹಾಕಿದರೆ ಗುಲಾಬಿ ಕಾಣುತ್ತದೆ. ಬದಲಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ, ಹಸಿರಿನ ಕಡೆ ಹೊರಳುತ್ತದೆ. ಮಕ್ಕಳಿಗೆ ಆಮ್ಲ, ಕ್ಷಾರ ಅಂದರೇನು ಅಂತ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ.

ಚಹಾ ಅಂತ ಕರೆದರೂ ಇದರಲ್ಲಿ ಚಹಾ ಎಲೆ ಇಲ್ಲ, ಕೆಫೀನ್ ಇಲ್ಲ, ರುಚಿಯೂ ಅಷ್ಟಕ್ಕಷ್ಟೇ. ಥಾಯ್ಲೆಂಡಿನಲ್ಲಿ ಈ ಹೂವಿನ ಪಾನಕ, ಮಲೇಷ್ಯಾದಲ್ಲಿ ನೀಲಿ ಅನ್ನ ಹಿಂದಿನಿಂದ ಬಂದ ರೂಢಿ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2021ರಲ್ಲಿ ಈ ಹೂವಿನ ಸಾರವನ್ನು ಕೆಲವು ತಿನಿಸುಗಳಿಗೆ ಬಣ್ಣವಾಗಿ ಬಳಸಲು ಒಪ್ಪಿಗೆ ಕೊಟ್ಟಿತು. ಆದರೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2022ರಲ್ಲಿ ಒಣ ಹೂವನ್ನು ಹೊಸ ಆಹಾರವಾಗಿ ಮಾರುವುದಕ್ಕೆ ಸುರಕ್ಷತೆಯ ಆಕ್ಷೇಪ ಎತ್ತಿತು. ಈ ಗಿಡದಲ್ಲಿ ಸೈಕ್ಲೋಟೈಡ್ ಅನ್ನುವ ಸಣ್ಣ ಪ್ರೋಟೀನುಗಳಿವೆ. ಹುಳ ತಿನ್ನದ ಹಾಗೆ ಗಿಡವನ್ನು ಕಾಯುವುದು ಅವೇ. ಆಸ್ಟ್ರೇಲಿಯಾದಲ್ಲಿ ಇದೇ ಗಿಡದ ಸಾರದಿಂದ ಹತ್ತಿ ಬೆಳೆಗೆ ಕೀಟನಾಶಕ ಮಾಡಿ ಮಾರುತ್ತಾರೆ. ಆಕ್ಷೇಪದ ಹಿಂದೆ ಇದ್ದದ್ದೂ ಇವುಗಳ ವಿಚಾರವೇ.

ಹಾಗಂತ ಅಪರೂಪಕ್ಕೆ ನಾಲ್ಕು ಹೂ ಹಾಕಿ ಕುಡಿದರೆ ಹೆದರಬೇಕಿಲ್ಲ. ದಿನಾ ಲೋಟಗಟ್ಟಲೆ ಕುಡಿದರೆ ಶುಗರ್ ಹೋಗುತ್ತದೆ, ತೂಕ ಇಳಿಯುತ್ತದೆ ಅನ್ನುವ ಮಾತನ್ನು ನಂಬಿ ಮಾತ್ರೆ ಬಿಡಬೇಡಿ. ಬಸುರಿಯರು, ಎದೆಹಾಲು ಕುಡಿಸುವವರು, ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯುವುದು ಬೇಡ. ಬೀಜ ಮತ್ತು ಬೇರು ಭೇದಿ ಮಾಡಿಸುತ್ತವೆ, ಸಣ್ಣ ಮಕ್ಕಳ ಕೈಗೆ ಕಾಯಿ ಸಿಗದ ಹಾಗೆ ನೋಡಿಕೊಳ್ಳಿ.

ಒಣಗಿಸುವವರು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೂ ಬಿಡಿಸಿ, ಬುಡದ ಹಸಿರು ತೊಟ್ಟು ತೆಗೆದು, ನೆರಳಿನಲ್ಲಿ ಬಟ್ಟೆ ಮೇಲೆ ಹರಡಿ. ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ. ಮುರಿದರೆ ಗರಿಗರಿ ಅನ್ನುವಷ್ಟು ಒಣಗಿದ ಮೇಲೆ ಡಬ್ಬಿಗೆ ತುಂಬಿ.

## ಬೀಜ ಹಿಡಿಯುವುದು, ಬದುವಿಗೆ ಹಾಕುವುದು

ಕಾಯಿ ಚಪ್ಪಟೆ, ಎರಡರಿಂದ ನಾಲ್ಕು ಇಂಚು ಉದ್ದ. ಹಸಿರಿದ್ದಾಗ ಕಿತ್ತರೆ ಬೀಜ ಬಲಿತಿರುವುದಿಲ್ಲ. ಪೂರ್ತಿ ಒಣಗಲು ಬಿಟ್ಟರೆ ಒಂದು ಮಧ್ಯಾಹ್ನ ಬಿಸಿಲಿಗೆ ಚಟ್ ಅಂತ ಸೀಳಿ, ಎರಡು ಹೋಳೂ ತಿರುಚಿಕೊಂಡು ಬೀಜವನ್ನು ದೂರ ಚೆಲ್ಲುತ್ತವೆ. ಕಂದು ಬಣ್ಣಕ್ಕೆ ತಿರುಗಿ ಅಲ್ಲಾಡಿಸಿದರೆ ಗಲಗಲ ಅಂದಾಗ ಕಿತ್ತು ಕಾಗದದ ಚೀಲದಲ್ಲಿ ಹಾಕಿಡಿ, ಚೀಲದ ಒಳಗೇ ಒಡೆಯಲಿ.

ಹೊಲ ಇದ್ದವರು ಒಂದು ಹಿಡಿ ಬೀಜ ಬದುವಿಗೂ ಹಾಕಬಹುದು. ಎಲೆಯಲ್ಲಿ ಪ್ರೋಟೀನ್ ಜಾಸ್ತಿ ಇರುವುದರಿಂದ ಆಡು, ಕುರಿ, ದನ ಎಲ್ಲ ಇಷ್ಟಪಟ್ಟು ತಿನ್ನುತ್ತವೆ. ಬೇರು ಕೂಡುವ ತನಕ, ಅಂದರೆ ಮೊದಲ ವರ್ಷ, ಆಡು ಬಿಡಬೇಡಿ, ಬುಡ ಸಮೇತ ಕಿತ್ತು ತಿನ್ನುತ್ತವೆ. ಎರಡನೇ ವರ್ಷದಿಂದ ಒಂದು ಗೇಣು ಬುಡ ಉಳಿಯುವ ಹಾಗೆ ಕೊಯ್ದು ಹಾಕಿದರೆ ಮತ್ತೆ ಮತ್ತೆ ಚಿಗುರುತ್ತದೆ. ಕಣಿಕೆ ಜೊತೆ ಬೆರೆಸಿ ಹಾಕುವುದು ಒಳ್ಳೇದು, ಬರೀ ಇದನ್ನೇ ಹೊಟ್ಟೆ ತುಂಬ ಹಾಕಬೇಡಿ.